ಮನೆಯ ಡೇಕೇರ್‌ನಲ್ಲಿ ಕೂಸಿನ ಹಾಲು, ಬಾಟಲಿ: ಮೊದಲೇ ಬರೆದಿಡಬೇಕಾದ ನಿಯಮಗಳು

ಆವತ್ತು ಬೆಳಿಗ್ಗೆ ಹತ್ತು ಗಂಟೆಗೆ ಫ್ರಿಜ್ಜಿನಿಂದ ಎರಡು ಬಾಟಲಿ ಹೊರಗೆ ತೆಗೆದೆ. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು, ಎರಡರ ಮುಚ್ಚಳವೂ ನೀಲಿ. ಮೇಲೆ ಅಂಟಿಸಿದ್ದ ಕಾಗದದ ಚೀಟಿ ತಂಪಿಗೆ ಬೆವರಿ ನೆನೆದು, ಬಾಲ್‌ಪೆನ್ನಿನ ಅಕ್ಷರ ಹರಡಿ, ಹೆಸರು ಓದಲು ಬರುತ್ತಿರಲಿಲ್ಲ. ತೊಟ್ಟಿಲಲ್ಲಿ ಒಂದು ಕೂಸು, ಚಾಪೆಯ ಮೇಲೆ ಇನ್ನೊಂದು. ಇಬ್ಬರೂ ಹಸಿವಿಗೆ ಒಂದೇ ಸಮನೆ ಅಳುತ್ತಿದ್ದರು. ಎಡಗೈಯಲ್ಲಿರುವುದು ತೊಟ್ಟಿಲ ಕೂಸಿನದೇ ಇರಬೇಕು ಅನ್ನಿಸಿತು. ಆದರೆ 'ಇರಬೇಕು' ಎಂಬ ಮಾತನ್ನು ನಂಬಿ ಕೂಸಿನ ಬಾಯಿಗೆ ಹಾಲು ಇಡಲಾಗುವುದಿಲ್ಲ. ಇಬ್ಬರು ತಾಯಂದಿರಿಗೂ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಎರಡೂ ಬಾಟಲಿ ಸುರಿದೆ. ಅವರಲ್ಲೊಬ್ಬರು ಆ 120 ಮಿಲಿ ಹಾಲಿಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ಕೂತಿದ್ದರಂತೆ. ಫೋನಿನಲ್ಲಿ ಅವರು ಬೈಯಲಿಲ್ಲ, ಸುಮ್ಮನಾದರು. ಆ ಮೌನ ನನಗೆ ಇವತ್ತಿಗೂ ನೆನಪಿದೆ.

ಆ ಸಂಜೆಯೇ ನೋಟ್‌ಬುಕ್ ತೆಗೆದು ನಿಯಮ ಬರೆಯತೊಡಗಿದೆ. ಕೆಳಗಿರುವುದು ಬೆಂಗಳೂರಿನ ಒಂದು ಮಾಮೂಲಿ ಎರಡು ಬೆಡ್‌ರೂಮಿನ ಮನೆಯಲ್ಲಿ, ಒಂದೇ ಫ್ರಿಜ್ಜು ಇಟ್ಟುಕೊಂಡು, ನಾಲ್ಕೈದು ಕೂಸುಗಳನ್ನು ನೋಡಿಕೊಳ್ಳುತ್ತಾ ತಿದ್ದಿ ತಿದ್ದಿ ಗಟ್ಟಿಯಾದ ನಿಯಮಗಳು. ಈ ಎಲ್ಲದಕ್ಕೂ ಇರುವುದು ಎರಡೇ ಉದ್ದೇಶ: ಒಬ್ಬರ ಹಾಲು ಇನ್ನೊಬ್ಬರ ಕೂಸಿಗೆ ಹೋಗಬಾರದು, ಕೆಟ್ಟ ಹಾಲು ಯಾವ ಕೂಸಿಗೂ ಹೋಗಬಾರದು. ಅನುಮಾನ ಬಂದರೆ ಸುರಿಯಲೇಬೇಕು. ಆದರೆ ತಾಯಿ ಹಿಂಡಿ ಕಳಿಸಿದ ಹಾಲನ್ನು ಸುರಿಯುವ ಗಳಿಗೆ ಆದಷ್ಟು ಕಡಿಮೆ ಬರುವ ಹಾಗೆ ಮೊದಲೇ ಏರ್ಪಾಡು ಮಾಡಿಕೊಳ್ಳಬಹುದು. ನಿಯಮ ಬರೆಯುವುದು ಅದಕ್ಕಾಗಿ.

ಕೂಸು ಬರುವುದಕ್ಕೆ ಒಂದು ವಾರ ಮೊದಲು

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಹಾಗಾಗಿ ನಮ್ಮಲ್ಲಿಗೆ ಬರುವ ಬಹುಪಾಲು ಕೂಸುಗಳಿಗೆ ಐದರಿಂದ ಆರು ತಿಂಗಳು. ಎದೆಹಾಲೊಂದನ್ನೇ ಕುಡಿದು ಬೆಳೆದು, ಆಗತಾನೇ ರಾಗಿ ಸರಿ ಶುರುವಾಗುವ ವಯಸ್ಸು. ಈ ರಜೆ ಎಲ್ಲರಿಗೂ ಸಿಗುವುದಿಲ್ಲ. ಸಣ್ಣ ಅಂಗಡಿ, ಸಣ್ಣ ಆಫೀಸಿನಲ್ಲಿ ದುಡಿಯುವವರು ಮೂರು ತಿಂಗಳ ಕೂಸನ್ನೂ ಕರೆತರುತ್ತಾರೆ. ಮೂರು ತಿಂಗಳ ಕೂಸಿಗೂ ಆರು ತಿಂಗಳ ಕೂಸಿಗೂ ಹಾಲಿನ ಲೆಕ್ಕವೇ ಬೇರೆ. ಅದಕ್ಕೇ ಸೇರಿಸಿಕೊಳ್ಳುವ ಮೊದಲು ತಾಯಿಯ ಜೊತೆ ಅರ್ಧ ಗಂಟೆಯಾದರೂ ಕೂತು ಮಾತಾಡಬೇಕು. ಅಜ್ಜಿಯೋ ಅತ್ತೆಯೋ ಕೂಸನ್ನು ಬಿಡಲು ಬರುವವರಾದರೆ ಅವರನ್ನೂ ಕೂರಿಸಿಕೊಳ್ಳಿ. ಬೆಳಿಗ್ಗೆ ಚೀಲ ಕೈಗೆ ಕೊಡುವವರು ಅವರೇ.

ಕೇಳಿ ಬರೆದುಕೊಳ್ಳಬೇಕಾದ್ದು ಇಷ್ಟು. ಎದೆಹಾಲೋ, ಡಬ್ಬಿ ಹಾಲೋ, ಎರಡೂನೋ. ಬಾಟಲಿಯಲ್ಲಿ ಕುಡಿಯುತ್ತದೋ, ಒಳಲೆಯಲ್ಲೋ, ಲೋಟ–ಚಮಚದಲ್ಲೋ. ಎಷ್ಟು ಹೊತ್ತಿಗೊಮ್ಮೆ, ಸುಮಾರು ಎಷ್ಟು. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತ್ತೇ. ಮಕ್ಕಳ ಡಾಕ್ಟರು ಏನಾದರೂ ಬೇಡ ಎಂದಿದ್ದಾರೆಯೇ. ಕೊನೆಗೆ ಇನ್ನೊಂದು ಪ್ರಶ್ನೆ, ಅದನ್ನು ಕೇಳಲು ಎಲ್ಲರೂ ಮರೆಯುತ್ತಾರೆ: ಕಳಿಸಿದ ಹಾಲು ಖಾಲಿಯಾಗಿ ಕೂಸು ಇನ್ನೂ ಹಸಿದು ಅತ್ತರೆ ನಾನು ಏನು ಮಾಡಬೇಕು? ಉತ್ತರ ಮೂರರಲ್ಲಿ ಒಂದಾಗಿರಬಹುದು: ಫ್ರೀಜರಿನಲ್ಲಿಟ್ಟ ಹೆಚ್ಚುವರಿ ಹಾಲು ಕರಗಿಸಿ ಕೊಡಿ, ಡಬ್ಬಿ ಹಾಲು ಕೊಡಿ, ಇಲ್ಲವೇ ನನಗೆ ಫೋನ್ ಮಾಡಿ, ನಾನೇ ಬರುತ್ತೇನೆ. ಯಾವುದಾದರೂ ಸರಿ, ಬರಹದಲ್ಲಿರಲಿ, ಕೆಳಗೆ ಸಹಿ ಇರಲಿ. ಎದೆಹಾಲಿನ ಕೂಸಿಗೆ ತಾಯಿಯನ್ನು ಕೇಳದೆ ಡಬ್ಬಿ ಹಾಲು ಕುಡಿಸಿದರೆ ಕಳೆದುಕೊಂಡ ನಂಬಿಕೆ ಮತ್ತೆ ಬರುವುದಿಲ್ಲ.

ಆಫೀಸು ಹತ್ತಿರವಿದ್ದು ಮಧ್ಯಾಹ್ನ ಬಂದು ಹಾಲೂಡಿಸಿ ಹೋಗುತ್ತೇನೆ ಎನ್ನುವ ತಾಯಿ ಇದ್ದರೆ ಅವರಿಗೊಂದು ಜಾಗ ಮಾಡಿಕೊಡಿ. ನಮ್ಮಲ್ಲಿ ಒಳಕೋಣೆಯಲ್ಲಿ ಕಿಟಕಿಗೆ ಪರದೆ ಹಾಕಿ, ಒರಗಲು ದಿಂಬಿರುವ ಕುರ್ಚಿ, ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟಿದ್ದೇವೆ. ಅಂಥವರು ಬರುವ ಹೊತ್ತಿಗೆ ಅರ್ಧ ಗಂಟೆ ಮೊದಲು ಕೂಸಿಗೆ ಬಾಟಲಿ ಕೊಡುವುದಿಲ್ಲ.

ಬಾಟಲಿ ಎಷ್ಟು, ಎಂಥದ್ದು

ದಿನಕ್ಕೆ ಎಷ್ಟು ಸಲ ಕುಡಿಯುತ್ತದೋ ಅಷ್ಟು ಬಾಟಲಿ, ಮೇಲೊಂದು ಹೆಚ್ಚಿಗೆ. ನಾಲ್ಕು ಸಲವಾದರೆ ಐದು. ಒಂದೇ ಬಾಟಲಿಯನ್ನು ತೊಳೆದು ತೊಳೆದು ಬಳಸುವ ಪದ್ಧತಿಯನ್ನು ನಾನು ಮೊದಲ ವರ್ಷವೇ ಬಿಟ್ಟೆ. ಒಂದು ಕೂಸು ಅಳುತ್ತಾ, ಇನ್ನೊಂದು ಕಕ್ಕ ಮಾಡಿಕೊಂಡು, ಬಾಗಿಲಲ್ಲಿ ಸಿಲಿಂಡರಿನವನು ನಿಂತಿರುವಾಗ ಬಾಟಲಿ ಸರಿಯಾಗಿ ತೊಳೆಯಲು ಆಗುವುದೇ ಇಲ್ಲ.

ಪ್ಲಾಸ್ಟಿಕ್ ಬಾಟಲಿಯಾದರೆ ಅದರ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 14625 ಎಂಬ ಸಂಖ್ಯೆ ಇದೆಯೇ ನೋಡಿ. ಈ ಮಾನದಂಡ 2015ರಲ್ಲಿ ಪರಿಷ್ಕರಣೆಯಾದ ಮೇಲೆ ಪಾಲಿಕಾರ್ಬೊನೇಟ್‌ನಲ್ಲಿ ಹಾಲಿನ ಬಾಟಲಿ ಮಾಡುವಂತಿಲ್ಲ. ಬಿಪಿಎ ಎಂಬ ರಾಸಾಯನಿಕ ಅದರಿಂದ ಹಾಲಿಗಿಳಿಯುತ್ತದೆ ಎಂಬುದು ಕಾರಣ. ಅಕ್ಕನ ಮಗುವಿನ ಹಳೆಯ ಬಾಟಲಿ ಇದೆ, ಅದೇ ತರುತ್ತೇವೆ ಎನ್ನುವವರಿಗೆ ಇದನ್ನು ಹೇಳಿ. ಗಾಜಿನದು, ಸ್ಟೀಲಿನದು ಒಳ್ಳೆಯದೇ. ಸ್ಟೀಲಿನದರಲ್ಲಿ ಎಷ್ಟು ಕುಡಿಯಿತು ಎಂದು ಹೊರಗಿನಿಂದ ಕಾಣುವುದಿಲ್ಲ, ಅದೊಂದು ತೊಡಕು. ಅಂಟು ಬಂದ, ಹಿಗ್ಗಿದ, ಹಲ್ಲು ತಾಗಿ ಹರಿದ ನಿಪ್ಪಲ್ಲು ಕಂಡರೆ ಅವತ್ತೇ ವಾಪಸ್ಸು ಕಳಿಸುತ್ತೇನೆ.

ಬಾಟಲಿಯ ಮೇಲಿನ ಬರಹ

ನನ್ನ ಆ ಬೆಳಗಿನ ತಪ್ಪು ಇಲ್ಲಿಂದಲೇ ಶುರುವಾಗಿದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಾಗದದ ಚೀಟಿ ಬೇಡ. ಮಾಸ್ಕಿಂಗ್ ಟೇಪ್ ತೆಗೆದುಕೊಳ್ಳಿ, ಬಣ್ಣದ ಅಂಗಡಿಯಲ್ಲೂ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಅದರ ಮೇಲೆ ಪರ್ಮನೆಂಟ್ ಮಾರ್ಕರಿನಿಂದ ಬರೆಯಿರಿ. ಬಾಟಲಿ ಒಣಗಿದ್ದಾಗ, ತಂಪಾಗುವ ಮೊದಲು ಅಂಟಿಸಬೇಕು. ಬೆವರಿದ ಬಾಟಲಿಗೆ ಯಾವ ಟೇಪೂ ನಿಲ್ಲುವುದಿಲ್ಲ. ಮುಚ್ಚಳದ ಮೇಲೆ ಅಂಟಿಸಬಾರದು, ಮುಚ್ಚಳ ಅದಲುಬದಲಾಗುತ್ತದೆ. ಬಾಟಲಿಯ ಮೈಮೇಲೆಯೇ ಇರಬೇಕು.

ಬರೆಯಬೇಕಾದ್ದು ನಾಲ್ಕು: ಕೂಸಿನ ಪೂರ್ತಿ ಹೆಸರು ಮತ್ತು ಇನಿಷಿಯಲ್, ಹಾಲು ಯಾವುದು, ಹಿಂಡಿದ ತಾರೀಖು, ಹಿಂಡಿದ ಹೊತ್ತು. ಮುದ್ದಿನ ಹೆಸರು ಬೇಡ. 'ಪುಟ್ಟ', 'ಚಿನ್ನು', 'ಬಂಗಾರಿ' ಎಲ್ಲ ಮನೆಯಲ್ಲೂ ಇರುತ್ತಾರೆ. ಒಮ್ಮೆ ನಮ್ಮಲ್ಲಿ ಒಂದೇ ಹೆಸರಿನ ಎರಡು ಕೂಸುಗಳಿದ್ದವು, ಇನಿಷಿಯಲ್ಲೂ ಒಂದೇ. ಆಗ ತಾಯಿಯ ಹೆಸರನ್ನೂ ಸೇರಿಸಿ ಬರೆಸಿದೆ.

ಇದರ ಜೊತೆಗೆ ಪ್ರತಿ ಕೂಸಿಗೆ ಒಂದು ಬಣ್ಣ. ಕೆಂಪು ಟೇಪಿನ ಕೂಸಿಗೆ ಬಾಟಲಿಯ ಮೇಲೂ ಕೆಂಪು, ಫ್ರಿಜ್ಜಿನೊಳಗಿನ ಡಬ್ಬಕ್ಕೂ ಕೆಂಪು, ಬಿಬ್ಬಿಗೂ ಕೆಂಪು ದಾರ. ನನ್ನ ಜೊತೆ ಕೆಲಸ ಮಾಡುವ ಅಕ್ಕನಿಗೆ ಓದಲು ಬರುವುದಿಲ್ಲ, ಆದರೆ ಬಣ್ಣದಲ್ಲಿ ಅವರು ಒಮ್ಮೆಯೂ ತಪ್ಪಿಲ್ಲ. ಆದರೂ ಬಣ್ಣವೊಂದನ್ನೇ ನೆಚ್ಚುವುದಿಲ್ಲ. ಹಾಲು ಕುಡಿಸುವ ಮೊದಲು ಒಬ್ಬರು ಬಾಟಲಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೂಸಿನ ಮುಖ ನೋಡಿ 'ಹೌದು' ಎನ್ನಬೇಕು. ಮನೆಯಲ್ಲಿ ನಾನೊಬ್ಬಳೇ ಇದ್ದಾಗಲೂ ಗಟ್ಟಿಯಾಗಿಯೇ ಓದುತ್ತೇನೆ. ಕಣ್ಣು ತಪ್ಪಿದ್ದನ್ನು ಕಿವಿ ಹಿಡಿಯುತ್ತದೆ. ಒಂದು ಕೈಯಲ್ಲಿ ಒಂದೇ ಬಾಟಲಿ. ಎರಡು ಕೂಸಿನ ಹಾಲನ್ನು ಒಟ್ಟಿಗೆ ಹೊರಗೆ ತೆಗೆಯುವುದೇ ಇಲ್ಲ.

ಬರಹ ಇಲ್ಲದ ಬಾಟಲಿ ಬಂದರೆ? ಬಾಗಿಲಲ್ಲೇ ಟೇಪು, ಮಾರ್ಕರು ತೂಗುಹಾಕಿದ್ದೇನೆ. ತಂದವರ ಕೈಯಲ್ಲೇ ಬರೆಸುತ್ತೇನೆ. ನಾನು ಬರೆದುಕೊಡುವುದಿಲ್ಲ, ಯಾವಾಗ ಹಿಂಡಿದ್ದು ಎಂದು ಗೊತ್ತಿರುವುದು ಅವರಿಗೆ. ಅವರಿಗೂ ಗೊತ್ತಿಲ್ಲದಿದ್ದರೆ ತಾಯಿಗೆ ಫೋನ್.

ಎಷ್ಟು ಕಳಿಸಬೇಕು

ಒಂದರಿಂದ ಆರು ತಿಂಗಳ ಎದೆಹಾಲಿನ ಕೂಸು ದಿನವೊಂದಕ್ಕೆ ಸರಾಸರಿ 750 ಮಿಲಿಯಷ್ಟು ಕುಡಿಯುತ್ತದೆ. ಕೆಲವಕ್ಕೆ ಕಡಿಮೆ, ಕೆಲವಕ್ಕೆ ಹೆಚ್ಚು. ಅಂದರೆ ಒಂದು ಸಲಕ್ಕೆ 90ರಿಂದ 120 ಮಿಲಿ ಆಸುಪಾಸು. ಆದರೂ 120 ಮಿಲಿಯ ದೊಡ್ಡ ಬಾಟಲಿಗಳನ್ನೇ ಕಳಿಸಬೇಡಿ ಎಂದು ತಾಯಂದಿರಿಗೆ ಹೇಳುತ್ತೇನೆ. 60 ಮಿಲಿಯವು ಎರಡು ಮೂರು, 90ರವು ಎರಡು, 30 ಮಿಲಿಯ ಒಂದೆರಡು ಸಣ್ಣ ಪೊಟ್ಟಣ. ಕೂಸಿನ ಬಾಯಿ ತಾಗಿದ ಹಾಲನ್ನು ಮತ್ತೆ ಫ್ರಿಜ್ಜಿಗೆ ಇಡುವಂತಿಲ್ಲ. ದೊಡ್ಡ ಬಾಟಲಿಯಲ್ಲಿ ಅರ್ಧ ಕುಡಿದು ಮಲಗಿತೆಂದರೆ ಉಳಿದರ್ಧ ಹೋಯಿತು. 60 ಕೊಟ್ಟು, ಸಾಲದಿದ್ದರೆ ಇನ್ನೊಂದು 30 ಸೇರಿಸಿದರೆ ಏನೂ ಹಾಳಾಗುವುದಿಲ್ಲ. ಹಾಲು ಸುರಿಯುವುದನ್ನು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಡಿಮೆ ಮಾಡಿದ್ದು ಈ ಸಣ್ಣ ಅಳತೆ.

ದಾರಿಯಲ್ಲಿ

ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ನಿಂತ ಕಾರಿನಲ್ಲಿ ಹಾಲಿನ ಗತಿ ಏನಾಗುತ್ತದೆಂದು ಯೋಚಿಸಿ. ಥರ್ಮೊಕೋಲಿನ ಪದರವಿರುವ ಚೀಲ, ಒಳಗೆ ಗಟ್ಟಿ ಹೆಪ್ಪುಗಟ್ಟಿದ ಐಸ್ ಪ್ಯಾಕ್, ಬಾಟಲಿಗೆ ತಾಗಿಕೊಂಡಿರಬೇಕು. ಹೀಗಿಟ್ಟ ಎದೆಹಾಲು 24 ಗಂಟೆಯವರೆಗೂ ತಡೆಯುತ್ತದೆ. ನಮ್ಮಲ್ಲಿಗೆ ಬಂದ ಕೂಡಲೇ ನಾನು ಬಾಟಲಿ ಮುಟ್ಟಿ ನೋಡುತ್ತೇನೆ. ತಣ್ಣಗಿದ್ದರೆ ಸೀದಾ ಫ್ರಿಜ್ಜಿಗೆ. ಬೆಚ್ಚಗಾಗಿದ್ದರೆ, ಎಷ್ಟು ಹೊತ್ತು ಹೊರಗಿತ್ತೆಂದು ಕೇಳಿ ಮೊದಲ ಊಟಕ್ಕೆ ಅದನ್ನೇ ಬಳಸುತ್ತೇನೆ, ಇಲ್ಲವೇ ವಾಪಸ್ಸು ಕೊಡುತ್ತೇನೆ. ಚೀಲ ಬಿಚ್ಚುವುದು ಬಾಗಿಲಲ್ಲಿ, ತಂದವರ ಎದುರಿಗೇ. ಆಮೇಲೆ ಮಾತು ಬರುವುದಿಲ್ಲ.

ನಮ್ಮ ಮನೆಯ ಫ್ರಿಜ್ಜು

ಮನೆಯ ಡೇಕೇರ್ ಎಂದರೆ ಮನೆಯ ಫ್ರಿಜ್ಜೇ. ಅದರಲ್ಲಿ ದೋಸೆ ಹಿಟ್ಟು ಉಕ್ಕುತ್ತಿರುತ್ತದೆ, ನಿನ್ನೆಯ ಹುಳಿ ಇರುತ್ತದೆ, ದೇವರ ಮಲ್ಲಿಗೆ ಒದ್ದೆ ಬಟ್ಟೆಯಲ್ಲಿರುತ್ತದೆ, ತೊಳೆಯದ ಕೊತ್ತಂಬರಿ ಕಟ್ಟಿನ ಮಣ್ಣೂ ಇರುತ್ತದೆ. ಇನ್ನೊಂದು ಸಣ್ಣ ಫ್ರಿಜ್ಜು ಕೊಳ್ಳಲು ಆದರೆ ಕೊಳ್ಳಿ. ಆಗದಿದ್ದರೆ ಎಲ್ಲಕ್ಕಿಂತ ಮೇಲಿನ ತಟ್ಟೆಯನ್ನು ಪೂರ್ತಿ ಹಾಲಿಗೆ ಬಿಡಿ. ಮೇಲಿನಿಂದ ಏನೂ ತೊಟ್ಟಿಕ್ಕುವುದಿಲ್ಲ. ಪ್ರತಿ ಕೂಸಿಗೆ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಆ ಕೂಸಿನ ಬಾಟಲಿಗಳು, ಎಲ್ಲವೂ ಹಿಂಬದಿಗೆ. ಬಾಗಿಲ ಪಕ್ಕದ ಸಂದಿಯಲ್ಲಿ ಯಾವತ್ತೂ ಇಡಬೇಡಿ. ಮನೆಯವರು ನೀರಿಗೆ, ಮಜ್ಜಿಗೆಗೆ ಎಂದು ದಿನಕ್ಕೆ ಐವತ್ತು ಸಲ ಬಾಗಿಲು ತೆಗೆಯುತ್ತಾರೆ, ಅಲ್ಲಿ ತಂಪು ನಿಲ್ಲುವುದಿಲ್ಲ.

ಫ್ರಿಜ್ಜಿನ ಥರ್ಮಾಮೀಟರ್ ಒಂದನ್ನು ಹಾಲಿನ ಡಬ್ಬಗಳ ನಡುವೆ ಇಟ್ಟುಬಿಡಿ. 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ನಾನು ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಮೊದಲ ವಾರ ನನ್ನ ಫ್ರಿಜ್ಜು 8 ಡಿಗ್ರಿ ತೋರಿಸಿತ್ತು. ಗುಂಡಿ ತಿರುಗಿಸಿ, ಹಿಂದಿನ ಗೋಡೆಯಿಂದ ಸ್ವಲ್ಪ ಈಚೆ ಎಳೆದು, ಅರ್ಧ ಸಾಮಾನು ತೆಗೆದ ಮೇಲೆ ಸರಿಹೋಯಿತು. ಥರ್ಮಾಮೀಟರ್ ಇಲ್ಲದಿದ್ದರೆ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಕರೆಂಟ್ ಹೋದಾಗ ಬಾಗಿಲು ತೆಗೆಯಬಾರದು. ಮುಚ್ಚಿಟ್ಟ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ನಮ್ಮ ಇನ್ವರ್ಟರಿಗೆ ಫ್ರಿಜ್ಜು ಎಳೆಯುವ ಶಕ್ತಿಯಿಲ್ಲ. ಹಾಗಾಗಿ ಬೆಸ್ಕಾಂನವರು ಇಡೀ ದಿನ ಕರೆಂಟ್ ತೆಗೆಯುತ್ತೇವೆಂದು ಮೊದಲೇ ತಿಳಿಸಿದ ದಿನ, ಹಿಂದಿನ ಸಂಜೆಯೇ ಎಲ್ಲ ತಾಯಂದಿರಿಗೂ ಮೆಸೇಜ್ ಹಾಕುತ್ತೇನೆ: ನಾಳೆ ಐಸ್ ಪ್ಯಾಕ್ ಎರಡು ಹೆಚ್ಚಿಗೆ ಇರಲಿ.

ಎಷ್ಟು ಹೊತ್ತು ಇಡಬಹುದು

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

- ಆಗತಾನೇ ಹಿಂಡಿದ ಎದೆಹಾಲು, 25 ಡಿಗ್ರಿಗಿಂತ ಬಿಸಿಯಿಲ್ಲದ ಕೋಣೆಯಲ್ಲಿ: 4 ಗಂಟೆ
- ಎದೆಹಾಲು, ಫ್ರಿಜ್ಜಿನಲ್ಲಿ: 4 ದಿನ
- ಫ್ರೀಜರಿಗೆ ಬೇರೆ ಬಾಗಿಲಿರುವ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ್ದು: 6 ತಿಂಗಳೊಳಗೆ ಬಳಸಿದರೆ ಒಳ್ಳೆಯದು
- ಕರಗಿಸಿದ ಎದೆಹಾಲು, ಫ್ರಿಜ್ಜಿನಲ್ಲಿ: ಪೂರ್ತಿ ಕರಗಿದ ಮೇಲೆ 24 ಗಂಟೆ. ಹೊರಗಾದರೆ ಒಂದೆರಡು ಗಂಟೆ. ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ
- ಕೂಸು ಕುಡಿದು ಉಳಿಸಿದ ಎದೆಹಾಲು: ಕುಡಿದು ಮುಗಿಸಿದ 2 ಗಂಟೆಯೊಳಗೆ
- ಕಲಸಿದ ಡಬ್ಬಿ ಹಾಲು: 2 ಗಂಟೆಯೊಳಗೆ ಕುಡಿಸಬೇಕು. ಕೂಸು ಬಾಯಿಟ್ಟ ಮೇಲೆ 1 ಗಂಟೆ, ಆಮೇಲೆ ಸುರಿಯುವುದು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಅಡುಗೆಮನೆ 25 ಡಿಗ್ರಿಯಲ್ಲಿ ಎಲ್ಲಿರುತ್ತದೆ? ಅದಕ್ಕೇ ಕೋಣೆಯಲ್ಲಿಡುವ ಲೆಕ್ಕವನ್ನೇ ನಾನು ತೆಗೆದುಹಾಕಿದ್ದೇನೆ. ಬಂದ ಹಾಲು ಸೀದಾ ಫ್ರಿಜ್ಜಿಗೆ. ರಾಯಚೂರು, ಕಲಬುರಗಿ ಕಡೆ ಡೇಕೇರ್ ನಡೆಸುವವರಂತೂ ಹೊರಗಿಡುವ ಮಾತೇ ಆಡಬಾರದು. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಸಣ್ಣ ಫ್ರೀಜರ್ ಪೆಟ್ಟಿಗೆಯನ್ನೂ ತಿಂಗಳುಗಟ್ಟಲೆ ನಂಬುವಂತಿಲ್ಲ. ಅಲ್ಲಿ ಎರಡು ವಾರಕ್ಕಿಂತ ಹೆಚ್ಚು ಇಡುವುದಿಲ್ಲ.

ಉಳಿದ ಎದೆಹಾಲಿಗೆ ಎರಡು ಗಂಟೆ ಇದೆಯಲ್ಲ ಎಂದು ಬೆಳಗಿನದನ್ನು ಮಧ್ಯಾಹ್ನದ ಹಾಲಿಗೆ ಬೆರೆಸುವುದು ಮಾತ್ರ ಬೇಡ.

ಬೆಚ್ಚಗೆ ಮಾಡುವುದು

ಎದೆಹಾಲನ್ನು ಬೆಚ್ಚಗೆ ಮಾಡಲೇಬೇಕೆಂದಿಲ್ಲ. ಕೆಲವು ಕೂಸುಗಳು ತಣ್ಣಗಿದ್ದರೂ ಕುಡಿಯುತ್ತವೆ. ಬೆಚ್ಚಗೆ ಬೇಕೆಂದರೆ ಸ್ಟೀಲ್ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಮುಚ್ಚಳ ಹಾಕಿದ ಬಾಟಲಿಯನ್ನು ಅದರಲ್ಲಿ ನಿಲ್ಲಿಸಿ. ನೀರು ಬಾಟಲಿಯ ಕತ್ತಿನವರೆಗೆ ಬರಬಾರದು, ನಿಪ್ಪಲ್ಲಿಗೆ ತಾಗುತ್ತದೆ. ಒಲೆಯ ಮೇಲೆ ಇಡಬಾರದು, ಮೈಕ್ರೋವೇವ್‌ನಲ್ಲಂತೂ ಕೂಡದು. ಅದರಲ್ಲಿ ಹಾಲು ಒಂದೇ ಸಮ ಕಾಯುವುದಿಲ್ಲ, ಬಾಟಲಿ ಮುಟ್ಟಿದರೆ ತಣ್ಣಗೆ, ಒಳಗೆ ನಾಲಗೆ ಸುಡುವಷ್ಟು ಬಿಸಿ.

ಫ್ರಿಜ್ಜಿನಲ್ಲಿಟ್ಟ ಎದೆಹಾಲು ಎರಡು ಪದರವಾಗಿ ನಿಂತಿರುತ್ತದೆ, ಮೇಲೆ ದಪ್ಪಗೆ ಕೆನೆ, ಕೆಳಗೆ ತೆಳ್ಳಗೆ ನೀಲಿ ಛಾಯೆ. ಹೊಸದಾಗಿ ಕೆಲಸಕ್ಕೆ ಬಂದವರು ಅದನ್ನು ನೋಡಿ ಒಡೆದಿದೆ ಎಂದು ಸುರಿದುಬಿಡುತ್ತಾರೆ. ಒಡೆದಿಲ್ಲ, ಎದೆಹಾಲು ಇರುವುದೇ ಹಾಗೆ. ಬಾಟಲಿಯನ್ನು ನಿಧಾನಕ್ಕೆ ಸುತ್ತಿಸಿದರೆ ಕೆನೆ ಬೆರೆಯುತ್ತದೆ. ಕರಗಿಸಿದ ಹಾಲು ಕೆಲವೊಮ್ಮೆ ಸೋಪಿನ ಹಾಗೆ ನಾರುತ್ತದೆ, ಅದೂ ಕೆಟ್ಟಿದ್ದಲ್ಲ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಬರುವ ವಾಸನೆ. ಹುಳಿ ನಾತ ಬಂದು, ಸುತ್ತಿಸಿದರೂ ಗಂಟುಗಂಟಾಗಿ ಉಳಿದರೆ ಸುರಿಯಬೇಕು. ಕುಡಿಸುವ ಮೊದಲು ಮಣಿಕಟ್ಟಿನ ಒಳಮೈ ಮೇಲೆ ಎರಡು ಹನಿ ಹಾಕಿ ನೋಡಿ. ಅದು ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು.

ಡಬ್ಬಿ ಹಾಲು

ಹಾಲಿನ ಪುಡಿ ಕ್ರಿಮಿರಹಿತವಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಮುಚ್ಚಿದ ಡಬ್ಬದಲ್ಲೂ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಇರುವ ಸಾಧ್ಯತೆ ಇದೆ. ಅದು ಅಪರೂಪ, ಆದರೆ ಎಳೆಗೂಸಿಗೆ ಪ್ರಾಣಾಪಾಯ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 70 ಡಿಗ್ರಿಗೆ ಕಡಿಮೆಯಿಲ್ಲದ ನೀರಿನಲ್ಲಿ ಪುಡಿ ಕಲಸಿ, ಆಮೇಲೆ ಆರಿಸಿ ಕುಡಿಸಿ ಎನ್ನುತ್ತದೆ. ಕುದಿಸಿದ ನೀರನ್ನು ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಡದೆ ಬಳಸಿದರೆ ಆ ಬಿಸಿ ಉಳಿದಿರುತ್ತದೆ. ಕೆಲವು ಡಬ್ಬಗಳ ಮೇಲೆ ಉಗುರುಬೆಚ್ಚಗಿನ ನೀರು ಎಂದು ಬರೆದಿರುತ್ತದೆ. ಅಂಥದ್ದು ಬಂದರೆ ಕೂಸಿನ ಡಾಕ್ಟರನ್ನು ಕೇಳಿ ಬರೆಸಿಕೊಂಡು ಬರಲು ಹೇಳುತ್ತೇನೆ. ಎರಡು ತಿಂಗಳೊಳಗಿನ ಕೂಸು, ಅವಧಿಗೆ ಮೊದಲೇ ಹುಟ್ಟಿದ ಕೂಸು ಆದರೆ ಈ ಮಾತಿನಲ್ಲಿ ಸಡಿಲಿಕೆ ಇಲ್ಲ.

20 ಲೀಟರ್ ಕ್ಯಾನಿನ ನೀರು, ಫಿಲ್ಟರಿನ ನೀರು ಶುದ್ಧವಿದ್ದರೂ ಕುದಿಸಲೇಬೇಕು. ಮೊದಲು ಬಾಟಲಿಗೆ ಅಳತೆಯ ನೀರು, ಆಮೇಲೆ ಪುಡಿ. ಪುಡಿ ಮೊದಲು ಹಾಕಿ ಗುರುತಿನವರೆಗೆ ನೀರು ಸುರಿದರೆ ನೀರು ಕಡಿಮೆಯಾಗಿ ಹಾಲು ಗಟ್ಟಿಯಾಗುತ್ತದೆ. ಚಮಚ ಆ ಡಬ್ಬದ್ದೇ ಆಗಿರಬೇಕು. ಒಂದೊಂದು ಕಂಪನಿಯ ಚಮಚ ಒಂದೊಂದು ಅಳತೆ. ತಲೆ ತಟ್ಟಿ ಸಮ ಮಾಡಬೇಕು, ಒತ್ತಿ ತುಂಬಬಾರದು. ಡಬ್ಬ ಬೇಗ ಖಾಲಿಯಾಗುತ್ತದೆಂದು ತೆಳ್ಳಗೆ ಕಲಸುವುದು, ಬೇಗ ದಪ್ಪಗಾಗಲೆಂದು ಗಟ್ಟಿ ಕಲಸುವುದು, ಎರಡೂ ಕೂಸಿಗೆ ಕೆಡುಕು. ತೆಳ್ಳಗಾದರೆ ಪೋಷಣೆ ಸಾಲದು, ಗಟ್ಟಿಯಾದರೆ ಮೂತ್ರಪಿಂಡಕ್ಕೆ ಹೊರೆ, ಮಲಬದ್ಧತೆ.

ನಾನು ಒಪ್ಪಿಕೊಳ್ಳುವುದು ಮುಚ್ಚಿದ ಡಬ್ಬವನ್ನು ಮಾತ್ರ. ನಮ್ಮೆದುರಿಗೆ ತೆರೆದು, ತೆರೆದ ತಾರೀಖು ಬರೆದು ಇಡುತ್ತೇವೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಂದ ಪುಡಿ ಬೇಡ. ಯಾವ ಕಂಪನಿ ಒಳ್ಳೆಯದು ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ, ಡಾಕ್ಟರ ಕಡೆ ಕಳಿಸುತ್ತೇನೆ. 1992ರ ಕಾಯ್ದೆಯೊಂದು ಶಿಶುಹಾಲಿನ ಪುಡಿಯ ಜಾಹೀರಾತನ್ನೂ ಪುಕ್ಕಟೆ ಸ್ಯಾಂಪಲ್ ಹಂಚುವುದನ್ನೂ ನಿಷೇಧಿಸಿದೆ. ಡೇಕೇರ್‌ಗೆ ಯಾರಾದರೂ ಸ್ಯಾಂಪಲ್ ಡಬ್ಬ ತಂದರೆ ತೆಗೆದುಕೊಳ್ಳಬೇಡಿ.

ಹಸುವಿನ ಹಾಲಿನ ಮಾತೂ ಇಲ್ಲೇ ಬರುತ್ತದೆ. ನಂದಿನಿ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕೊಡಿ, ನಾವೆಲ್ಲ ಅದೇ ಕುಡಿದು ಬೆಳೆದದ್ದು ಎಂದು ಹಿರಿಯರು ಹೇಳುತ್ತಾರೆ. ಒಂದು ವರ್ಷದೊಳಗೆ ಎದೆಹಾಲಿನ ಬದಲು ಹಸುವಿನ ಹಾಲು ಬೇಡ ಎಂದು ಮಕ್ಕಳ ಡಾಕ್ಟರು ಸಾಮಾನ್ಯವಾಗಿ ಹೇಳುತ್ತಾರೆ. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಡಾಕ್ಟರ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ.

ಕುಡಿಸುವ ಹೊತ್ತು

ಕೈ ಸೋಪು ಹಾಕಿ ಇಪ್ಪತ್ತು ಸೆಕೆಂಡು ತೊಳೆದು, ಕೂಸನ್ನು ತೊಡೆಯ ಮೇಲೆ ತಲೆ ಎತ್ತರಕ್ಕಿಟ್ಟು ಕೂರಿಸಿಕೊಳ್ಳಬೇಕು. ಬಾಟಲಿಯನ್ನು ಹೆಚ್ಚುಕಡಿಮೆ ಅಡ್ಡಡ್ಡ ಹಿಡಿಯಿರಿ. ನೆಟ್ಟಗೆ ಬಗ್ಗಿಸಿದರೆ ಹಾಲು ತಾನಾಗಿ ಸುರಿದು, ಕೂಸು ಉಸಿರಿಗೆ ಬಿಡುವಿಲ್ಲದೆ ನುಂಗುತ್ತದೆ. ನಾಲ್ಕಾರು ಗುಟುಕಿಗೆ ಒಮ್ಮೆ ಬಾಟಲಿ ತಗ್ಗಿಸಿ ಬಿಡುವು ಕೊಡಿ. ಹದಿನೈದು ಇಪ್ಪತ್ತು ನಿಮಿಷ ಹಿಡಿಯಲಿ. ಮುಖ ತಿರುಗಿಸಿತು, ಬಿಗಿದಿದ್ದ ಮುಷ್ಟಿ ಅರಳಿತು ಎಂದರೆ ಸಾಕಾಯಿತು ಎಂದರ್ಥ. ಇನ್ನು ಹತ್ತೇ ಮಿಲಿ ಉಳಿದಿದೆ ಎಂದು ತುರುಕಬಾರದು. ಆಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು.

ದಿಂಬಿಗೆ ಒರಗಿಸಿ ಬಾಟಲಿ ಬಾಯಿಗಿಟ್ಟು ಹೋಗುವುದು, ತೊಟ್ಟಿಲಿಗೆ, ಜೋಳಿಗೆಗೆ ಬಾಟಲಿ ಕೊಟ್ಟು ಮಲಗಿಸುವುದು ನಮ್ಮಲ್ಲಿ ಇಲ್ಲ. ಹಾಲು ನೆತ್ತಿಗೇರಿದರೆ ನೋಡುವವರಿರುವುದಿಲ್ಲ. ಕಿವಿ ಸೋಂಕು, ಹಲ್ಲು ಹುಳುಕು ಆಮೇಲಿನ ಮಾತು.

ಒಳಲೆಯ ವಿಷಯ. ಬಾಟಲಿಯನ್ನು ಮುಟ್ಟದ ಕೂಸುಗಳಿಗೆ ಒಳಲೆ ಒಳ್ಳೆಯ ಸಾಧನ, ತೊಳೆಯುವುದೂ ಸಲೀಸು, ಸಂದಿಗೊಂದಿ ಇಲ್ಲ. ಆದರೆ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅಳುವಾಗ ತೆರೆದ ಬಾಯಿಗೆ ಒಳಲೆಯಿಂದ ಸುರಿಯುವ ರೂಢಿ ಅಪಾಯದ್ದು. ಹಾಲು ಶ್ವಾಸಕ್ಕೆ ಹೋಗುತ್ತದೆ. ಕೂರಿಸಿಕೊಂಡು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಕೂಸು ತಾನೇ ಹೀರಿಕೊಳ್ಳುವ ಹಾಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಬೇಕು.

ಬಜೆ ತೇಯ್ದು ನೆಕ್ಕಿಸಿ, ಜೇನು ಸವರಿ, ಸೆಕೆಗೆ ಎರಡು ಚಮಚ ನೀರು ಕುಡಿಸಿ ಎಂದು ಅಜ್ಜಿಯಂದಿರು ಪ್ರೀತಿಯಿಂದಲೇ ಹೇಳುತ್ತಾರೆ. ನಾನು ಕೂರಿಸಿ ಕಾಫಿ ಕೊಟ್ಟು ನಿಧಾನವಾಗಿ ಹೇಳುತ್ತೇನೆ: ಅಜ್ಜಿ, ಆರು ತಿಂಗಳವರೆಗೆ ಹಾಲೊಂದೇ ಸಾಕು, ಅದರಲ್ಲೇ ನೀರಿದೆ. ಜೇನು ಒಂದು ವರ್ಷದವರೆಗೆ ಬೇಡವೇ ಬೇಡ, ಅದರಲ್ಲಿ ಬೊಟ್ಯುಲಿಸಂ ತರುವ ಬೀಜಕಣ ಇರಬಹುದು. ಬಾಟಲಿಗೆ ಸಕ್ಕರೆ, ಬಿಸ್ಕತ್ತು, ಔಷಧ ಬೆರೆಸುವುದೂ ಇಲ್ಲ.

ತೊಳೆಯುವುದು

ಕುಡಿದಾದ ಕೂಡಲೇ ಬಾಟಲಿ, ನಿಪ್ಪಲ್ಲು, ರಿಂಗು, ಒಳಗಿನ ಸಣ್ಣ ವಾಲ್ವು ಎಲ್ಲ ಬಿಚ್ಚಿ ತಣ್ಣೀರಲ್ಲಿ ಜಾಲಾಡಿ, ಆ ಕೂಸಿನ ಚೀಲಕ್ಕೆ. ಪೂರ್ತಿ ತೊಳೆದು ಕುದಿಸುವುದು ಮನೆಯಲ್ಲಿ. ನಾವೇ ತೊಳೆಯಬೇಕಾಗಿ ಬಂದರೆ ಅದಕ್ಕೊಂದು ಬೇರೆ ಬೋಗುಣಿ, ಬೇರೆ ಬ್ರಶ್ಶು. ಪಾತ್ರೆ ತಿಕ್ಕುವ ಸಿಂಕಿನೊಳಗೆ ಬಾಟಲಿ ಇಡುವುದಿಲ್ಲ, ಸಾರಿನ ಸೌಟು ತಿಕ್ಕಿದ ನಾರೂ ತಾಗಿಸುವುದಿಲ್ಲ. ನೀರಿನಲ್ಲಿ ಪೂರ್ತಿ ಮುಳುಗಿಸಿ, ಒಳಗೆ ಗುಳ್ಳೆ ನಿಲ್ಲದ ಹಾಗೆ ನೋಡಿಕೊಂಡು, ಕುದಿ ಬಂದ ಮೇಲೆ 5 ನಿಮಿಷ. ಆಮೇಲೆ ಒಗೆದ ಬಟ್ಟೆಯ ಮೇಲೆ ಬೋರಲಾಗಿಟ್ಟು ತಾನಾಗಿ ಒಣಗಲು ಬಿಡಬೇಕು. ಸೆರಗಿನಿಂದ ಒರೆಸುವ ಅಭ್ಯಾಸ ನಮ್ಮ ಕೈಗೆ ಎಷ್ಟು ಅಂಟಿದೆಯೆಂದರೆ, ಮೊದಲ ತಿಂಗಳು ಅಕ್ಕನೂ ನಾನೂ ಒಬ್ಬರನ್ನೊಬ್ಬರು ಎಚ್ಚರಿಸುತ್ತಲೇ ಇದ್ದೆವು.

ಡಯಪರ್ ಬದಲಿಸುವ ಜಾಗ ಅಡುಗೆಮನೆಯಿಂದ ದೂರ ಇರಲಿ. ಭೇದಿ, ವಾಂತಿ ಆಗುತ್ತಿರುವವರು, ಬೆರಳಿಗೆ ಕೀವು ಆದವರು ಅವತ್ತು ಹಾಲು ಮುಟ್ಟುವುದಿಲ್ಲ.

ತಪ್ಪಾಗಿ ಬೇರೆಯವರ ಹಾಲು ಕುಡಿಸಿಬಿಟ್ಟರೆ

ಈ ಪುಟವನ್ನು ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೂ ಬರೆದಿಡಿ, ಏಕೆಂದರೆ ಹಾಗೊಮ್ಮೆ ಆದರೆ ಕೈ ನಡುಗುತ್ತಿರುವಾಗ ಯೋಚನೆ ಓಡುವುದಿಲ್ಲ.

ಮೊದಲು ಕುಡಿಸುವುದನ್ನು ನಿಲ್ಲಿಸಿ. ವಾಂತಿ ಮಾಡಿಸಲು ಹೋಗಬೇಡಿ. ಯಾರ ಬಾಟಲಿ, ಎಷ್ಟು ಮಿಲಿ ಒಳಗೆ ಹೋಯಿತು, ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಿ. ಕುಡಿದ ಕೂಸಿನ ತಾಯಿಗೆ ಕೂಡಲೇ ಫೋನ್ ಮಾಡಿ, ಆಮೇಲೆ ಹಾಲಿನ ತಾಯಿಗೆ. ಸಂಜೆ ಬರುತ್ತಾರಲ್ಲ, ಆಗ ಹೇಳೋಣ ಎಂದು ತಳ್ಳಬೇಡಿ. ಕೂಸನ್ನು ಅವತ್ತೇ ಅದರ ಡಾಕ್ಟರಿಗೆ ತೋರಿಸಲು ಹೇಳಿ. ಎದೆಹಾಲಿನ ಮೂಲಕ ಎಚ್‌ಐವಿಯಂಥ ಸೋಂಕು ದಾಟಬಲ್ಲದು. ಒಂದೇ ಒಂದು ಸಲದ ಹಾಲಿನಿಂದ ದಾಟುವ ಸಾಧ್ಯತೆ ತೀರಾ ಕಡಿಮೆ. ಹಾಗಾಗಿ ಗಾಬರಿ ಹುಟ್ಟಿಸುವುದು ಬೇಡ, ಮುಚ್ಚಿಡುವುದೂ ಬೇಡ. ಹಾಲಿನ ತಾಯಿ ಗರ್ಭಿಣಿಯಾಗಿದ್ದಾಗ ಮಾಡಿಸಿದ ರಕ್ತಪರೀಕ್ಷೆಯ ವಿವರವನ್ನು ಡಾಕ್ಟರಿಗೆ ತಿಳಿಸಲು ಒಪ್ಪುತ್ತಾರೆಯೇ ಎಂದು ಕೇಳಬಹುದು, ಒತ್ತಾಯಿಸುವಂತಿಲ್ಲ. ಅವರು ಹೇಳಿದ್ದು ಡಾಕ್ಟರ ಹೊರತು ಇನ್ನೊಬ್ಬರ ಕಿವಿಗೆ ಬೀಳಬಾರದು. ಎಲ್ಲ ತಾಯಂದಿರಿರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಸುದ್ದಿ ಬರಲೇಕೂಡದು.

ಕಾಗದದ ಮೇಲೆ

ಪ್ರತಿ ಕೂಸಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್. ಹೊತ್ತು, ಎಷ್ಟು ಕುಡಿಯಿತು, ಎಷ್ಟು ಸುರಿದೆವು, ಯಾರು ಕುಡಿಸಿದರು. ಸುರಿದದ್ದನ್ನು ಬರೆಯುವುದು ಮುಖ್ಯ. ವಾರದ ಕೊನೆಗೆ ಆ ಅಂಕಣ ನೋಡಿದರೆ, ಯಾವ ಹೊತ್ತಿನ ಬಾಟಲಿ ಸಣ್ಣದು ಮಾಡಬೇಕೆಂದು ತಾಯಿಗೇ ತಿಳಿಯುತ್ತದೆ.

ತಾಯಿ–ತಂದೆ ಸಹಿ ಮಾಡುವ ಪುಟದಲ್ಲಿ ನಾವು ಬರೆದಿರುವುದು ಹೀಗೆ. ಬೇಕಾದರೆ ಹಾಗೇ ತೆಗೆದುಕೊಳ್ಳಿ:

'ನಮ್ಮ ಕೂಸಿನ ಹಾಲನ್ನು ಹೆಸರು, ತಾರೀಖು, ಹೊತ್ತು ಬರೆದು, ತಂಪಾಗಿ ಕಳಿಸುತ್ತೇವೆ. ಹೆಸರು ಓದಲಾಗದ, ಹೊತ್ತು ಮೀರಿದ, ಅನುಮಾನ ಬಂದ ಹಾಲನ್ನು ಡೇಕೇರ್‌ನವರು ನಮಗೆ ತಿಳಿಸಿ ಸುರಿಯುವುದಕ್ಕೆ ಒಪ್ಪಿದ್ದೇವೆ. ಹಾಲು ಸಾಲದಿದ್ದರೆ ಏನು ಕೊಡಬೇಕೆಂದು ಕೆಳಗೆ ಬರೆದಿದ್ದೇವೆ. ಅದರ ಹೊರತು ಬೇರೇನನ್ನೂ ಕೊಡಬಾರದು. ಹಾಲಿನ ವಿಷಯದಲ್ಲಿ ಏನೇ ತಪ್ಪಾದರೂ ಅದೇ ಗಂಟೆಯಲ್ಲಿ ನಮಗೆ ತಿಳಿಸಬೇಕು.'

ಕೆಳಗೆ ಇಬ್ಬರ ಫೋನ್ ನಂಬರು, ಮಕ್ಕಳ ಡಾಕ್ಟರ ನಂಬರು. ಓದಿ ಹೇಳದೆ ಸಹಿ ಹಾಕಿಸಬೇಡಿ. ಕನ್ನಡ ಬಾರದ ತಾಯಂದಿರೂ ಬರುತ್ತಾರೆ, ಅವರ ಭಾಷೆಯಲ್ಲೊಂದು ಪ್ರತಿ ಮಾಡಿಸಿಡಿ. ಎರಡು ತಿಂಗಳಿಗೊಮ್ಮೆ ಆ ಪುಟ ತೆಗೆದು ಕೂರಬೇಕು. ಆರು ತಿಂಗಳಲ್ಲಿ ಸರಿ ಶುರುವಾಗಿ ಹಾಲಿನ ಹೊತ್ತು ಕದಲುತ್ತದೆ, ಎಂಟು ಒಂಬತ್ತಕ್ಕೆ ಲೋಟದಲ್ಲಿ ಗುಟುಕರಿಸಲು ಕಲಿಯುತ್ತದೆ. ವರ್ಷ ತುಂಬಿದ ಮೇಲೆ ಬಾಟಲಿಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತೇವೆ, ಮಧ್ಯಾಹ್ನದ್ದು ಮೊದಲು, ನಿದ್ದೆಯ ಹೊತ್ತಿನದು ಕೊನೆಗೆ. ಎಲ್ಲ ನಿಂತ ದಿನ ಆ ಕೂಸಿನ ಡಬ್ಬವನ್ನು ಫ್ರಿಜ್ಜಿನಿಂದ ತೆಗೆದು, ಟೇಪು ಕಿತ್ತು, ಬಿಸಿನೀರಲ್ಲಿ ತೊಳೆದು ಒಣಗಿಸಿ ಮುಂದಿನ ಕೂಸಿಗೆ ಎತ್ತಿಡುತ್ತೇವೆ. ಬಣ್ಣವನ್ನು ಮಾತ್ರ ಒಂದು ತಿಂಗಳು ಯಾರಿಗೂ ಕೊಡುವುದಿಲ್ಲ. ಅಕ್ಕನ ಕಣ್ಣಿಗೆ ಆ ಕೆಂಪು ಇನ್ನೂ ಹಳೆಯ ಕೂಸಿನದೇ.